ಸವೆದ ಹಲ್ಲಿಗೆ ಹೊಸ ಹಲ್ಲು

ಯಂತ್ರವೊಂದು ಕೆಟ್ಟು ನಿಂತಾಗ ಪದವೀಧರರಾಗ ಹೊರಟಿರುವ ನಾವು ಮೊದಲು ಕೇಳುವ ಪ್ರಶ್ನೆ, ‘ಹೊಸದಕ್ಕೆ ಎಷ್ಟಾಗುತ್ತದೆ?’ ಎಂಬುದು. ‘ಎಲ್ಲಿ ಸವೆದಿದೆ?’ ಎಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಯನ್ನು ಕೇಳಬಲ್ಲದ್ದೂ ಒಂದು ವಿದ್ಯೆಯೇ. ಆ ವಿದ್ಯೆಯನ್ನು ಬಲ್ಲವರು ನಮ್ಮ ಬೀದಿಗಳಲ್ಲೇ ಇದ್ದಾರೆ. ಅವರು ಬಲ್ಲದ್ದನ್ನು ಕನ್ನಡದಲ್ಲಿ ಬರೆದಿಡುವ ಹೊಣೆ ನಮ್ಮಂಥ ವಿದ್ಯಾರ್ಥಿಗಳ ಮೇಲಿದೆ. ಈ ಅಭಿಪ್ರಾಯವನ್ನು ಸಮರ್ಥಿಸಲು ಒಂದೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳುತ್ತೇನೆ. ಅದು ಫೋಟೋ ಸ್ಟುಡಿಯೋಗಳ ಕತ್ತಲೆಕೋಣೆಯಲ್ಲಿ ಇರುತ್ತಿದ್ದ ಎನ್‌ಲಾರ್ಜರ್ ಯಂತ್ರ.

ಇಂದಿನ ವಾಚಕರಲ್ಲಿ ಅನೇಕರು ಇದನ್ನು ಕಂಡಿರಲಾರರು. ಅಡಿಯಲ್ಲಿ ಒಂದು ಹಲಗೆ, ಅದರ ಮೇಲೆ ನೆಟ್ಟ ಒಂದು ಕಂಬ, ಕಂಬದ ಮೇಲೆ ಏರಿಳಿಯುವ ಒಂದು ತಲೆ. ತಲೆಯೊಳಗೆ ದೀಪ, ದೀಪದ ಕೆಳಗೆ ನೆಗೆಟಿವ್ ಇಡುವ ಚೌಕಟ್ಟು, ಅದರ ಕೆಳಗೆ ತಿದಿಯಂತೆ ಮಡಚಿಕೊಳ್ಳುವ ಕಪ್ಪು ಚೀಲ, ತುದಿಯಲ್ಲಿ ಮಸೂರ. ದೀಪದ ಬೆಳಕು ನೆಗೆಟಿವ್‌ನ ಮೂಲಕ ಹಾಯ್ದು, ಹಲಗೆಯ ಮೇಲಿಟ್ಟ ಕಾಗದದ ಮೇಲೆ ಹಿಗ್ಗಿದ ಚಿತ್ರವಾಗಿ ಬೀಳುತ್ತದೆ. 24×36 ಮಿಲಿಮೀಟರ್ ನೆಗೆಟಿವ್‌ನಿಂದ 8×10 ಅಂಗುಲದ ಚಿತ್ರ ತೆಗೆಯಬೇಕಾದರೆ ಅದನ್ನು ಸುಮಾರು ಎಂಟು ಪಟ್ಟು ಹಿಗ್ಗಿಸಬೇಕು. ಚಿತ್ರ ಹಿಗ್ಗಿದಂತೆ ಯಂತ್ರದ ದೋಷವೂ ಹಿಗ್ಗುತ್ತದೆ. ಹತ್ತು ಹದಿನೈದು ಸೆಕೆಂಡು ದೀಪ ಉರಿಯುವಷ್ಟರಲ್ಲಿ ನೆಗೆಟಿವ್ ಕೂದಲೆಳೆಯಷ್ಟು ಜರುಗಿದರೂ ಕಾಗದದ ಮೇಲೆ ಮೂಗಿನ ಪಕ್ಕದಲ್ಲಿ ಇನ್ನೊಂದು ಮೂಗು ಮೂಡೀತು!

ಮೈಸೂರಿನಲ್ಲಿ ಹುಟ್ಟಿ, 1977ರಲ್ಲಿ ಪದ್ಮಶ್ರೀ ಪಡೆದ ಪತ್ರಿಕಾ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರಾಗಲಿ, 2017ರಲ್ಲಿ ನಿಧನರಾದ ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ಟಿ. ಎನ್. ಎ. ಪೆರುಮಾಳ್ ಅವರಾಗಲಿ ಕೀರ್ತಿ ಗಳಿಸಿದ್ದು ಈ ಕತ್ತಲೆಕೋಣೆಯ ಕಾಲದಲ್ಲಿ. ಯಂತ್ರಗಳು ಹೆಚ್ಚಾಗಿ ಹೊರದೇಶದಿಂದ ಬಂದವು: ಇಟಲಿಯ ಡರ್ಸ್ಟ್, ಚೆಕ್ ದೇಶದ ಮಿಯೋಪ್ಟಾ, ಅಮೆರಿಕದ ಒಮೇಗಾ. ಫಿಲ್ಮು ಕಾಗದಗಳನ್ನು ನಮ್ಮಲ್ಲೇ ಮಾಡಬೇಕೆಂದು 1960ರಲ್ಲಿ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸ್ಥಾಪಿತವಾಯಿತು. ಆ ಕಾರ್ಖಾನೆ ಇಂದು ಮುಚ್ಚಿದೆ. ಡರ್ಸ್ಟ್ ಸಂಸ್ಥೆ ಎನ್‌ಲಾರ್ಜರ್ ಮಾಡುವುದನ್ನು ಬಿಟ್ಟು ದೊಡ್ಡ ದೊಡ್ಡ ಡಿಜಿಟಲ್ ಮುದ್ರಣಯಂತ್ರಗಳ ಕಡೆಗೆ ತಿರುಗಿದೆ. ಎಂದ ಮೇಲೆ ಬಿಡಿಭಾಗ ಎಲ್ಲಿಂದ ಬರಬೇಕು?

ನಮ್ಮ ಮನೆ ಇರುವುದು ಮೈಸೂರು ರಸ್ತೆಯ ಮಗ್ಗುಲಿನ ಬಾಪೂಜಿನಗರದಲ್ಲಿ. ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಲೇತು ಶೆಡ್ಡುಗಳ ಸದ್ದು ಕೇಳಿಯೇ ಬೆಳೆದವಳು ನಾನು. ತಂದೆಯವರು ಟರ್ನರು, ಓದಿದ್ದು ಏಳನೆಯ ತರಗತಿಯವರೆಗೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ನಮ್ಮ ಬೀದಿಯ ಹಳೆಯ ಸ್ಟುಡಿಯೋದ ಯಜಮಾನರು ಅಂಗಡಿ ಮುಚ್ಚುವಾಗ ಅವರ ಬಳಿ ಒಂದು ಎನ್‌ಲಾರ್ಜರ್ ಉಳಿದಿತ್ತು. ತಲೆ ನಿಂತ ಕಡೆ ನಿಲ್ಲದು. ಫೋಕಸ್ ತಿರುಗಿಸಿದರೆ ಗುಂಡಿ ಮಾತ್ರ ತಿರುಗುವುದು, ಮಸೂರ ಅಲುಗದು. ವ್ಯಾಪಾರಿಯೊಬ್ಬರು ಅದನ್ನು ನೋಡಿ, ‘ಸ್ಪೇರು ಸಿಗುವುದಿಲ್ಲ, ತೂಕಕ್ಕೆ ಹಾಕಿ’ ಎಂದುಬಿಟ್ಟರು. ಗುಜರಿಗೆ ಹೊರಟಿದ್ದ ಯಂತ್ರವನ್ನು ತಂದೆಯವರು ಮನೆಗೆ ಹೊತ್ತು ತಂದರು. ‘ಹಲ್ಲು ಉದುರಿದರೆ ಬಾಯನ್ನೇ ಬಿಸಾಕ್ತಾರೇನಮ್ಮ?’ ಎಂಬುದು ಅವರ ತರ್ಕ.

ಎನ್‌ಲಾರ್ಜರ್‌ನಲ್ಲಿ ಸವೆಯುವ ಜಾಗಗಳು ಮುಖ್ಯವಾಗಿ ಮೂರು. ಮೊದಲನೆಯದು, ತಲೆಯನ್ನು ಏರಿಳಿಸುವ ಏರ್ಪಾಡು. ಕೆಲವು ಯಂತ್ರಗಳಲ್ಲಿ ರಬ್ಬರಿನ ಗಾಲಿಯೊಂದು ನುಣುಪಾದ ಕಂಬವನ್ನು ಒತ್ತಿಕೊಂಡು ಉರುಳುತ್ತದೆ. ವರ್ಷಗಳು ಕಳೆದಂತೆ ರಬ್ಬರು ಗಟ್ಟಿಯಾಗಿ, ಗಾಜಿನಂತೆ ಹೊಳಪೇರಿ, ಜಾರತೊಡಗುತ್ತದೆ. ಬಿಗಿದ ಯಂತ್ರಕ್ಕೆಲ್ಲ ಎಣ್ಣೆ ಬಿಡುವುದು ನಮ್ಮ ವಾಡಿಕೆ. ಇಲ್ಲಿ ಎಣ್ಣೆ ಬಿಟ್ಟರೆ ಕೆಲಸ ಕೆಟ್ಟಿತು, ಏಕೆಂದರೆ ಈ ಗಾಲಿ ನಡೆಯುವುದೇ ಘರ್ಷಣೆಯಿಂದ. ಕಂಬವನ್ನು ಒಣಗಿಸಿ ಒರೆಸಿ, ಗಾಲಿಗೆ ಹೊಸ ರಬ್ಬರು ತೊಡಿಸಬೇಕು. ತಲೆಯ ಭಾರವನ್ನು ಹೊರುವ ಸ್ಪ್ರಿಂಗನ್ನು ಮುಟ್ಟುವ ಮುನ್ನ ತಲೆಯನ್ನು ಕಂಬದ ತುದಿಗೇರಿಸಿ ಬಿಗಿಯಬೇಕು; ಇಲ್ಲವಾದರೆ ಅದು ಚಿಮ್ಮಿ ಕೈ ಮುರಿದೀತು.

ಎರಡನೆಯದು, ತಲೆಯನ್ನು ಕಂಬಕ್ಕೆ ಹಿಡಿದಿಡುವ ಬುಷ್ಷು. ಅದು ಸವೆದರೆ ತಲೆ ಒಂದು ಪಕ್ಕಕ್ಕೆ ವಾಲುತ್ತದೆ. ಆಗ ಚಿತ್ರದ ಎಡಭಾಗ ನಿಚ್ಚಳವಾಗಿದ್ದರೆ ಬಲಭಾಗ ಮಸುಕಾಗುತ್ತದೆ. ನೆಗೆಟಿವ್, ಮಸೂರ, ಹಲಗೆ, ಈ ಮೂರೂ ಒಂದಕ್ಕೊಂದು ಸಮಾನಾಂತರವಾಗಿರಬೇಕೆಂಬುದು ಇದರ ಮೂಲಸೂತ್ರ. ಗಾರೆಯವರ ರಸಮಟ್ಟವೊಂದಿದ್ದರೆ ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು.

ಮೂರನೆಯದೇ ಫೋಕಸ್ ಮಾಡುವ ಹಲ್ಲುಗಾಲಿ. ಈ ಯಂತ್ರದಲ್ಲಿ ಅದು ಪ್ಲಾಸ್ಟಿಕ್ಕಿನದಾಗಿದ್ದು, ಇಪ್ಪತ್ತು ಹಲ್ಲುಗಳಲ್ಲಿ ಆರು ಅಳಿಸಿಹೋಗಿದ್ದವು. ಸವೆದ ಗಾಲಿಯನ್ನೇ ಅಳೆದರೆ ಸವೆತವನ್ನೂ ಸೇರಿಸಿ ಅಳೆದಂತಾಗುವುದಷ್ಟೆ. ಆದಕಾರಣ ತಂದೆಯವರು ಅದು ಓಡಾಡುವ ಹಲ್ಲುಪಟ್ಟಿಯ ಮೇಲ್ತುದಿಯನ್ನು ಅಳೆದರು. ಅಷ್ಟು ಮೇಲಕ್ಕೆ ಗಾಲಿ ಹೋಗುವುದೇ ಅಪರೂಪವಾದ್ದರಿಂದ ಅಲ್ಲಿನ ಹಲ್ಲುಗಳು ಹೊಸದರಂತೆಯೇ ಇದ್ದವು. ಹತ್ತು ಹಲ್ಲುಗಳ ಉದ್ದ 15.7 ಮಿಲಿಮೀಟರ್. ಹತ್ತರಿಂದ ಭಾಗಿಸಿದರೆ 1.57; ಅದನ್ನು 3.14ರಿಂದ ಭಾಗಿಸಿದರೆ 0.5. ಹಲ್ಲಿನ ಗಾತ್ರದ ಈ ಅಳತೆಗೆ ಮಾಡ್ಯೂಲ್ ಎನ್ನುತ್ತಾರೆ. ಹಲ್ಲುಗಳ ಸಂಖ್ಯೆಗೆ ಎರಡು ಸೇರಿಸಿ ಮಾಡ್ಯೂಲ್‌ನಿಂದ ಗುಣಿಸಿದರೆ ಗಾಲಿಯ ಹೊರವ್ಯಾಸ ಸಿಗುತ್ತದೆ: ಇಪ್ಪತ್ತೆರಡರ ಅರ್ಧ, ಹನ್ನೊಂದು ಮಿಲಿಮೀಟರ್. ಹಿತ್ತಾಳೆಯ ಸರಳನ್ನು ಲೇತಿಗೆ ಕೊಟ್ಟು ಆ ಅಳತೆಗೆ ತಿರುಗಿಸಿ, ಪಕ್ಕದ ಶೆಡ್ಡಿನ ಮಿಲ್ಲಿಂಗ್ ಯಂತ್ರದಲ್ಲಿ ಹಲ್ಲು ಕೊಯ್ದರು. ಅಲ್ಲಿನ ಡಿವೈಡಿಂಗ್ ಹೆಡ್ಡಿನ ಹಿಡಿಯನ್ನು ನಲವತ್ತು ಸುತ್ತು ತಿರುಗಿಸಿದರೆ ಗಾಲಿ ಒಂದು ಸುತ್ತು ತಿರುಗುತ್ತದೆ. ಆದ್ದರಿಂದ ಒಂದೊಂದು ಹಲ್ಲಿಗೂ ಎರಡೆರಡು ಸುತ್ತು. ಏಳನೆಯ ತರಗತಿಯ ಗಣಿತ ಎಲ್ಲಿಯವರೆಗೆ ಬಂದಿದೆ ನೋಡಿ!

‘ಮೂಗಿಗಿಂತ ಮೂಗುತಿ ಭಾರ’ ಎಂದು ನೀವು ಹೇಳಬಹುದು. ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಚಿತ್ರ ತೆಗೆಯುವ ಕಾಲದಲ್ಲಿ ಈ ಶ್ರಮವೇಕೆ? ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿಸಿದರಾಯಿತಲ್ಲ? ಆಕ್ಷೇಪದಲ್ಲಿ ಸತ್ಯವಿಲ್ಲದಿಲ್ಲ. ಎಲ್ಲರೂ ಕತ್ತಲೆಕೋಣೆಗೆ ಹಿಂದಿರುಗಬೇಕೆಂದು ನಾನು ವಾದಿಸುತ್ತಿಲ್ಲ. ಎನ್‌ಲಾರ್ಜರ್ ಹೋದರೆ ಹೋಗಲಿ. ಅದನ್ನು ಸರಿಪಡಿಸಬಲ್ಲ ಕೈ ಹೋದರೆ ನಷ್ಟ ಅದೊಂದಕ್ಕೇ ನಿಲ್ಲುವುದಿಲ್ಲ. ಹೊಲಿಗೆಯಂತ್ರ, ನೀರಿನ ಪಂಪು, ಆಸ್ಪತ್ರೆಯ ಮಂಚ, ಅಂಗವಿಕಲರ ಗಾಲಿಕುರ್ಚಿ, ಇವೆಲ್ಲದರಲ್ಲೂ ಸವೆಯುವುದು ಬುಷ್ಷು ಮತ್ತು ಹಲ್ಲುಗಳೇ. ಕಂಪ್ಯೂಟರ್ ನಡೆಸುವ ಹೊಸ ಯಂತ್ರಗಳಿಗೆ ಬಂಡವಾಳ ಹಾಕಿದವರು ಸಾವಿರ ಸಾಮಾನಿನ ಆರ್ಡರನ್ನು ಬಯಸುತ್ತಾರೆ. ಒಂದೇ ಒಂದು ಗಾಲಿಗಾಗಿ ಬಂದವನನ್ನು ಕೂರಿಸಿ ಮಾತಾಡಿಸಲು ಅವರಿಗೆ ಬಿಡುವಿಲ್ಲ. ಅದು ಅವರ ತಪ್ಪೂ ಅಲ್ಲ. ಆದರೆ ಒಂದನ್ನೇ ಮಾಡಿಕೊಡುವ ಸಣ್ಣ ಶೆಡ್ಡು ಮುಚ್ಚಿದ ದಿನ ಬಡವನ ಯಂತ್ರ ಗುಜರಿಯ ದಾರಿ ಹಿಡಿಯುತ್ತದೆ.

ಕೇಂದ್ರ ಸರ್ಕಾರ 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆದು, ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನ ಇವುಗಳ ತಯಾರಕರು ದುರಸ್ತಿಯ ವಿವರಗಳನ್ನು ಗ್ರಾಹಕರಿಗೆ ಒದಗಿಸುವಂತೆ ಮಾಡಹೊರಟಿತು. ಇದು ಸ್ವಾಗತಾರ್ಹ ಹೆಜ್ಜೆ. ಆದರೆ ತಯಾರಕನೇ ಕೈಬಿಟ್ಟ ಯಂತ್ರಕ್ಕೆ ವಿವರ ಕೊಡುವವರು ಯಾರು? ಅದರ ವಿವರ ಇರುವುದು ಬಿಚ್ಚಿ ಜೋಡಿಸಿದವನ ತಲೆಯಲ್ಲಿ ಮಾತ್ರ. ತಂದೆಯವರ ಬಳಿ ಅಂತಹ ನೂರಾರು ಅಳತೆಗಳಿವೆ. ಒಂದೂ ಕಾಗದದ ಮೇಲಿಲ್ಲ. ಅವರ ಕಣ್ಣಿಗೆ ಈಗಾಗಲೇ ವರ್ನಿಯರ್‌ನ ಗೆರೆಗಳು ಮಸುಕಾಗಿವೆ.

ವಿದ್ಯಾರ್ಥಿಮಿತ್ರರೇ, ನಮ್ಮಲ್ಲಿ ಹಲವರು ಟರ್ನರ, ಬಡಗಿ, ನೇಕಾರ, ಮೆಕ್ಯಾನಿಕ್ಕುಗಳ ಮಕ್ಕಳು. ಮನೆಗೆ ಮೊದಲ ಪದವಿಯನ್ನು ತರಲಿರುವವರು. ಆ ಪದವಿ ನಮ್ಮನ್ನು ಅವರ ಕೆಲಸದಿಂದ ದೂರ ಒಯ್ಯುವ ಬಸ್ಸಿನ ಟಿಕೇಟು ಮಾತ್ರವಾದರೆ ಅದು ಅರೆ ವಿದ್ಯೆ. ಸಾಹಿತ್ಯ, ಚರಿತ್ರೆಗಳನ್ನು ಓದುವ ನಾವು ಯಂತ್ರವನ್ನು ಮುಟ್ಟಬಾರದೆಂಬ ನಿಯಮವೇನೂ ಇಲ್ಲ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ದಪ್ಪ ನೋಟ್‌ಬುಕ್ ಇಡೋಣ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ, ತನ್ನ ಬೀದಿಯ ಒಂದು ದುರಸ್ತಿಯನ್ನು ಅದರಲ್ಲಿ ಬರೆಯಲಿ: ಯಾವ ಯಂತ್ರ, ಎಲ್ಲಿ ಸವೆದಿತ್ತು, ಹೇಗೆ ಅಳೆದರು, ಯಾವ ಲೋಹದಲ್ಲಿ ಮಾಡಿದರು, ಎಷ್ಟು ದಿನ ಬಾಳಿತು. ಜೊತೆಗೆ ಒಂದು ಸರಳ ನಕ್ಷೆ. ಭಾಷೆ ಶೆಡ್ಡಿನವರು ಆಡುವ ಕನ್ನಡವೇ ಆಗಿರಲಿ; ಬುಷ್ಷನ್ನು ಬುಷ್ಷೆಂದೇ ಕರೆಯೋಣ. ಮೊದಲ ಪುಟಕ್ಕೆ ಹನ್ನೊಂದು ಮಿಲಿಮೀಟರ್ ಹಿತ್ತಾಳೆ ಗಾಲಿಯ ನಕ್ಷೆಯನ್ನು ನಾನು ಬರೆದುಕೊಡುತ್ತೇನೆ. ಎರಡನೆಯ ಪುಟ ಯಾರದು?