ತೊಟ್ಟಿಲಿಗೆ ಸ್ಥಳವಿಲ್ಲದ ವಿದ್ಯಾಲಯ



ಹೆತ್ತೂರು ಸೀಮೆಯ ಕಾಫಿ ತೋಟಗಳಲ್ಲಿ ಮರದ ಕೊಂಬೆಗೆ ಹಳೆಯ ಸೀರೆಯ ಜೋಲಿ ಕಟ್ಟಿ, ಕೂಸನ್ನು ಅದರಲ್ಲಿ ಮಲಗಿಸಿ ಹಣ್ಣು ಕೊಯ್ಯುತ್ತಿದ್ದ ತಾಯಂದಿರ ನೋಟ ನಮ್ಮ ಹಿರಿಯರಿಗೆ ಹೊಸದಲ್ಲ. ಆ ತಾಯಿಯ ಕಷ್ಟವನ್ನು ಕಾನೂನು ಬಹು ಹಿಂದೆಯೇ ಗುರುತಿಸಿತು. 50 ಅಥವಾ ಹೆಚ್ಚು ಮಹಿಳೆಯರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ವಿಧಿಸಿತು. ಅದೇ ತೋಟದ ಲೈನು ಮನೆಯಲ್ಲಿ ಹುಟ್ಟಿ, ಓದಿ, ಇಂದು ಸಕಲೇಶಪುರದಲ್ಲೋ ಹಾಸನದಲ್ಲೋ ಕಾಲೇಜು ಉಪನ್ಯಾಸಕಿಯಾಗಿರುವ ಮಗಳಿಗೆ ಅಂಥ ಕೊಠಡಿ ಎಲ್ಲಿದೆ? ಕೂಲಿಯ ತಾಯಿಗೆ ಸಲ್ಲಬೇಕಾದದ್ದು ವಿದ್ಯೆ ಕಲಿಸುವ ತಾಯಿಗೆ ಸಲ್ಲಬಾರದೇ?

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ ವೇತನಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. 50 ಮಂದಿ ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಬಹುದು ಎಂದಿತು. ಮಗುವಿಗೆ 15 ತಿಂಗಳು ತುಂಬುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಅದಕ್ಕೂ ಮುಂಚೆಯೇ ಇತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇವನ್ನು ಉಳಿಸಿಕೊಂಡಿದೆ. ಕಾನೂನಿನ ಅಕ್ಷರ ಯಾವ ಕಾಲೇಜಿಗೆ ಅನ್ವಯಿಸುತ್ತದೆ, ಯಾವುದಕ್ಕಿಲ್ಲ ಎಂದು ವಕೀಲರು ವಾದಿಸಲಿ. ಅದರೊಳಗಿನ ನ್ಯಾಯ ನಮಗೆ ಸಾಕು.

"ಅರ್ಧ ವರ್ಷ ರಜೆ ಸಿಕ್ಕಿತಲ್ಲ, ಇನ್ನೇನು ಬೇಕು?" ಎನ್ನುವವರಿದ್ದಾರೆ. ಆ ರಜೆಯ ಎಂಟು ವಾರಗಳು ಹೆರಿಗೆಗೆ ಮುನ್ನವೇ ಕಳೆದಿರಬಹುದು. ಆಗ ತಾಯಿ ತರಗತಿಗೆ ಮರಳುವಾಗ ಮಗುವಿಗೆ ನಾಲ್ಕೇ ತಿಂಗಳು. ಆರು ತಿಂಗಳು ಎದೆಹಾಲನ್ನೇ ಕೊಡಬೇಕು, ಎರಡು ವರ್ಷದವರೆಗೂ ಅದನ್ನು ಮುಂದುವರಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೊತ್ತಿಗೆ ಸರಿಯಾಗಿ ಹಾಲು ಹೊರಬರದಿದ್ದರೆ ಎದೆ ಬಿಗಿಯುತ್ತದೆ, ಬಾವು ಬಂದು ಜ್ವರವೂ ಏರಬಹುದು, ಕ್ರಮೇಣ ಹಾಲೇ ಇಳಿಯುತ್ತದೆ. ವೇಳಾಪಟ್ಟಿ ಬರೆಯುವವರು ಇದನ್ನು ಅರಿತಿರಬೇಡವೇ?

ಗೌರವಧನದ ಮೇಲೆ ದುಡಿಯುವ ಅತಿಥಿ ಉಪನ್ಯಾಸಕಿಯ ಸಂಕಟ ಇನ್ನೂ ದೊಡ್ಡದು. ಬಿಡುವು ಕೇಳಿದರೆ ಮುಂದಿನ ವರ್ಷ ಕರೆ ಬಾರದೆಂಬ ಅಂಜಿಕೆ ಆಕೆಯ ಬಾಯಿ ಕಟ್ಟುತ್ತದೆ. ದೆಹಲಿ ಮಹಾನಗರಪಾಲಿಕೆಯ ದಿನಗೂಲಿ ಮಹಿಳೆಯರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2000ದಲ್ಲಿಯೇ ತೀರ್ಪಿತ್ತಿದೆ. ತಾಯ್ತನಕ್ಕೆ ಕಾಯಂ, ತಾತ್ಕಾಲಿಕ ಎಂಬ ಭೇದವಿಲ್ಲ.

ಬೆತ್ಲೆಹೇಮಿನ ಛತ್ರದಲ್ಲಿ ಸ್ಥಳವಿಲ್ಲವೆಂದವರನ್ನು ನಾವು ಪ್ರತಿ ಕ್ರಿಸ್ಮಸ್‌ಗೂ ನೆನೆಯುತ್ತೇವೆ. ಅದೇ ಉತ್ತರವನ್ನು ನಮ್ಮ ವಿದ್ಯಾಸಂಸ್ಥೆಯೂ ಕೊಡುವುದಾದರೆ ನಮ್ಮ ಗೋದಲಿಗೆ ಅರ್ಥವೇನು? ಮಹಿಳೆಯರ ದುಡಿಮೆಯ ವ್ಯವಸ್ಥೆ ತಾಯ್ತನಕ್ಕೆ ಹಾನಿ ತರಬಾರದೆಂದು ಪೋಪ್ ಎರಡನೆಯ ಜಾನ್ ಪಾಲ್‌ರವರು 1981ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ಪೋಪ್ ಫ್ರಾನ್ಸಿಸ್‌ರವರು 2017ರ ಜನವರಿಯಲ್ಲಿ ಸಿಸ್ಟೈನ್ ದೇವಾಲಯದಲ್ಲಿ ಶಿಶುಗಳಿಗೆ ದೀಕ್ಷಾಸ್ನಾನ ನೀಡುವಾಗ, ಹಸಿದ ಕೂಸಿಗೆ ಅಲ್ಲಿಯೇ ನಿಸ್ಸಂಕೋಚವಾಗಿ ಹಾಲೂಡಿಸಿರೆಂದು ತಾಯಂದಿರಿಗೆ ಹೇಳಿದರು. ದೇವಾಲಯದಲ್ಲಿ ಸಲ್ಲುವುದು ವಿದ್ಯಾಲಯದಲ್ಲಿ ಸಲ್ಲದೇ?

ಬೇಕಾದದ್ದು ಅರಮನೆಯಲ್ಲ. ಚಿಲಕವಿರುವ ಒಂದು ಕೋಣೆ, ಒರಗುವ ಕುರ್ಚಿ, ಶುದ್ಧ ನೀರು, ಹಾಲು ಕೆಡದಂತಿಡಲು ಪುಟ್ಟ ಫ್ರಿಜ್, ಎರಡು ತರಗತಿಗಳ ನಡುವೆ ಬಿಡುವು. ಶೌಚಾಲಯದ ಮೂಲೆಯನ್ನು ತೋರಿಸುವುದು ಇದಕ್ಕೆ ಪರಿಹಾರವಲ್ಲ. ಅಲ್ಲಿ ನಾವಾರಾದರೂ ಊಟ ಮಾಡುತ್ತೇವೆಯೇ?

ಜೀವದ ಪರವಾಗಿ ಪ್ರಾರ್ಥಿಸುವ ನಾವು ಹುಟ್ಟಿದ ಜೀವದ ಹಸಿವಿಗೆ ಬೆನ್ನು ತಿರುಗಿಸಬಾರದು. ಅತ್ತೆಯಂದಿರೇ, "ನಮ್ಮ ಕಾಲದಲ್ಲಿ ಇದೆಲ್ಲ ಇತ್ತೇ?" ಎನ್ನಬೇಡಿ, ನಿಮ್ಮ ಕಾಲದಲ್ಲಿ ತೊಟ್ಟಿಲು ದುಡಿಮೆಯ ಪಕ್ಕದಲ್ಲೇ ಇತ್ತು. ಗಂಡಂದಿರೇ, ರಾತ್ರಿ ಅಳುವ ಮಗು ನಿಮ್ಮದೂ ಹೌದು. ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ, ಕಾಲೇಜಿನ ಪೋಷಕರ ಸಭೆಯಲ್ಲಿ ಎದ್ದು ನಿಂತು ಕೇಳಿ: "ಇಲ್ಲಿ ಪಾಠ ಹೇಳುವ ತಾಯಿಯ ಕೂಸಿಗೆ ಸ್ಥಳವೆಲ್ಲಿ?" ಈ ಪ್ರಶ್ನೆ ಮೊದಲು ನಮ್ಮ ಧರ್ಮಸಭೆಯ ಸಂಸ್ಥೆಗಳಲ್ಲೇ ಕೇಳಿಬರಲಿ.