ಸರಾಸರಿ ಸಾಲದು, ಸಮಾನತೆ ಬೇಕು

ದೂರದ ಗುರಿಗೆ ಗುಂಡು ಹಾರಿಸುವ ಸ್ಪರ್ಧಿಗಳಲ್ಲಿ ಅನೇಕರು ಒಂದೇ ಪೆಟ್ಟಿಗೆಯ ಗುಂಡುಗಳನ್ನೂ ತೂಗಿ, ಉದ್ದ ಅಳೆದು, ಸಮಾನವಾದವುಗಳನ್ನು ಬೇರೆ ಬೇರೆ ಗುಂಪು ಮಾಡುತ್ತಾರೆ. ತುಸು ಹಗುರವಾದ ಗುಂಡು ಕಳಪೆಯೆಂದಲ್ಲ. ಭಾರದವುಗಳೊಡನೆ ಬೆರೆತರೆ 1,000 ಗಜ ದೂರದಲ್ಲಿ ಪೆಟ್ಟುಗಳು ಮೇಲೆ ಕೆಳಗೆ ಚದರಬಹುದೆಂಬುದೇ ಕಾರಣ.

ತೆಕ್ಕಟ್ಟೆ, ಕುಂದಾಪುರ ಪರಿಸರದ ಗೇರುಬೀಜ ಉದ್ಯಮಿಗಳಿಗೂ ಈ ನೀತಿ ಅನ್ವಯಿಸುತ್ತದೆ. ಡಬ್ಲ್ಯು-320 ಎಂದರೆ ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಂಗೆ, 300ರಿಂದ 320 ಇಡೀ ಬಿಳಿ ತಿರುಳು. ಆದರೆ ಎಣಿಕೆಯೊಂದೇ ಸರಿಯಾದರೆ ಸಾಲದು. ಡಬ್ಲ್ಯು-240ರ ಅರ್ಧ ಪೌಂಡಿನ 120 ತಿರುಳಿಗೆ ಡಬ್ಲ್ಯು-450ರ ಅರ್ಧ ಪೌಂಡಿನ 200 ತಿರುಳು ಬೆರೆಸಿದರೂ ಲೆಕ್ಕ 320 ಆಗುತ್ತದೆ. ಹುರಿಯುವವನ ಬಾಣಲೆಯಲ್ಲಿ ಮಾತ್ರ ದೊಡ್ಡದು ಹದಕ್ಕೆ ಬರುವ ಮೊದಲೇ ಸಣ್ಣದು ಕರಿಕಾಗುತ್ತದೆ.

ಇಂತಹ ಸರಕು ಒಮ್ಮೆ ಮಾರಾಟವಾದೀತು. ಮರುಬೇಡಿಕೆ ಬರುವುದು ಕಷ್ಟ. ಕೆಡುವ ಹೆಸರು ಒಂದು ಕಾರ್ಖಾನೆಗೆ ಸೀಮಿತವಾಗಿ ಉಳಿಯುವುದೂ ಇಲ್ಲ. ಆದುದರಿಂದ ಮಾದರಿ ಪರೀಕ್ಷಿಸುವಾಗ ಒಟ್ಟು ಎಣಿಕೆಯೊಡನೆ ಅತಿ ದೊಡ್ಡ ಹಾಗೂ ಅತಿ ಸಣ್ಣ ತಿರುಳುಗಳ ತೂಕವನ್ನೂ ಹೋಲಿಸಿ ನೋಡುವ ಪದ್ಧತಿಯನ್ನು ಪ್ರತಿಯೊಂದು ಘಟಕವೂ ರೂಢಿಸಿಕೊಳ್ಳಬೇಕು. ಸಣ್ಣ ತಿರುಳಿಗೂ ಗಿರಾಕಿಯುಂಟು. ಅದನ್ನು ಅದರ ದರ್ಜೆಯ ಹೆಸರಿನಲ್ಲಿಯೇ ಮಾರುವುದು ಲೇಸು.