ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ?

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಹಳ್ಳಿಗಳ ಏಳಿಗೆಗಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆಗಳ ಇಂದಿನ ಸ್ಥಿತಿಯನ್ನು ಕಂಡಾಗ ಈ ಪ್ರಶ್ನೆ ಮತ್ತೆ ನಮ್ಮೆದುರು ನಿಲ್ಲುತ್ತದೆ.

ಖಜೂರಿಯು ಆಳಂದ ತಾಲ್ಲೂಕಿನ ಗಡಿಭಾಗದ ಹೋಬಳಿ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ಆಳಂದ, ಅಫಜಲಪುರ ಮತ್ತು ಜೇವರ್ಗಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಎಣಿಸಿತು. 2012ರಲ್ಲಿ ಸಂಸತ್ತು 371(ಜೆ) ವಿಧಿಗೆ ಒಪ್ಪಿಗೆ ನೀಡಿತು. ಅದರ ಫಲವಾಗಿ ಪ್ರದೇಶಾಭಿವೃದ್ಧಿ ಮಂಡಳಿಯೂ ಬಂತು. ಹಣ ಬಂದಿಲ್ಲವೆಂದು ಹೇಳಲಾಗದು. ಆದರೆ ಬಂದ ಹಣ ಎಲ್ಲಿ ವ್ಯಯವಾಯಿತೆಂದು ಕೇಳುವ, ಕಟ್ಟಿದ್ದನ್ನು ಕಾಪಾಡುವ, ಮುಂದೇನು ಬೇಕೆಂದು ನಿರ್ಧರಿಸುವ ಶಕ್ತಿ ಹಳ್ಳಿಯಲ್ಲೇ ಬೆಳೆಯಿತೇ? ಮುಖ್ಯವಾದ ಪ್ರಶ್ನೆ ಇದು.

ಸಾಮಾನ್ಯವಾಗಿ ನಡೆಯುವುದೇನು? ದೂರದ ದಾನಿಗಳು ಮೂರು ವರ್ಷದ ಯೋಜನೆಯೊಂದನ್ನು ಮಂಜೂರು ಮಾಡುತ್ತಾರೆ. ಜೀಪು ಬರುತ್ತದೆ, ಫಲಕ ನಿಲ್ಲುತ್ತದೆ, ತರಬೇತಿಗಳು ನಡೆಯುತ್ತವೆ. ಅವಧಿ ಮುಗಿದೊಡನೆ ಎಲ್ಲವೂ ನಿಲ್ಲುತ್ತದೆ. ಲೆಕ್ಕ ಬರೆಯಲು ಕಲಿತ ತರುಣಿ ಸಂಬಳವಿಲ್ಲದೆ ಪುಣೆಯ ಹಾದಿ ಹಿಡಿಯುತ್ತಾಳೆ. ಊರಿನಲ್ಲಿ ಉಳಿಯುವುದು ಫಲಕವೊಂದೇ. ಕಾರ್ಯಕ್ರಮಕ್ಕೆ ಹಣ ಕೊಟ್ಟವರು ಸಂಸ್ಥೆಯನ್ನು ಕಟ್ಟಲು ಏನನ್ನೂ ಕೊಡಲಿಲ್ಲವೆಂಬುದೇ ಇದರ ಮೂಲ ದೋಷ.

ಇದಕ್ಕೆ ಭಿನ್ನವಾದ ದಾರಿಯನ್ನು ನಮ್ಮ ನಾಡೇ ತೋರಿಸಿದೆ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರೇ ಕೂಡಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಎಂಟು ದಶಕಗಳ ಅನಂತರ, 1968ರಲ್ಲಿ ಆರಂಭವಾಗಿದ್ದ ಮೈರಾಡ ಸಂಸ್ಥೆಗೆ ಇನ್ನೊಂದು ಪಾಠ ದೊರೆಯಿತು. ಅದು ಬೆಂಬಲಿಸಿದ್ದ ದೊಡ್ಡ ಸಹಕಾರ ಸಂಘಗಳು 1984-85ರ ಸುಮಾರಿಗೆ ಒಡೆದವು. ಪರಸ್ಪರ ನಂಬಿಕೆಯಿದ್ದ ಜನರು ಸಣ್ಣ ಸಣ್ಣ ಗುಂಪುಗಳಾಗಿ ಸೇರಿದರು. ಮೈರಾಡ ಆ ಗುಂಪುಗಳನ್ನು ಚದುರಿಸದೆ, ಸಭೆ ನಡೆಸುವುದನ್ನೂ ಉಳಿತಾಯದ ಲೆಕ್ಕ ಇಡುವುದನ್ನೂ ಕಲಿಸಿತು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ನೀಡಿತು. 1992ರಲ್ಲಿ ದೇಶದ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯ ಆರಂಭವಾಯಿತು. ಇಂದಿನ ಸ್ವಸಹಾಯ ಸಂಘಗಳ ಬೇರು ಇಲ್ಲಿದೆ. ಕಲಿಸಿದವರು ಹಿಂದೆ ಸರಿದರೂ ಕಲಿತದ್ದು ಹಳ್ಳಿಯಲ್ಲಿ ಉಳಿಯಿತು.

ಆದರೆ ಇಂದು ಸಣ್ಣ ಸಂಸ್ಥೆಗಳ ಹಾದಿ ಕಿರಿದಾಗುತ್ತಿದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿಯು, ಇಂತಹ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿತು. ಪಟ್ಟಣದ ದೊಡ್ಡ ಸಂಸ್ಥೆಯ ಮೂಲಕ ಹಳ್ಳಿಯ ಸಣ್ಣ ಸಂಸ್ಥೆಗೆ ಹರಿಯುತ್ತಿದ್ದ ನೀರು ಹೀಗೆ ನಿಂತಿತು. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ವಿನಿಯೋಗಿಸಬೇಕು. ಆದರೆ ಅವು ತಮ್ಮ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ನಮ್ಮ ಜಿಲ್ಲೆಯ ಸಿಮೆಂಟ್ ಕಾರ್ಖಾನೆಗಳಿರುವುದು ಸೇಡಂ, ಚಿತ್ತಾಪುರಗಳ ಕಡೆ. ಖಜೂರಿಯ ಕಡೆಗೆ ತಿರುಗಿ ನೋಡುವವರು ಯಾರು?

ಊರ ಸಂಸ್ಥೆಗಳಲ್ಲಿ ಹಣ ದುರುಪಯೋಗವಾಗುತ್ತದೆ, ಆದುದರಿಂದ ಬಿಗಿ ಹಿಡಿತ ಬೇಕೆಂದು ಕೆಲವರು ವಾದಿಸುತ್ತಾರೆ. ಈ ಮಾತನ್ನು ತಳ್ಳಿಹಾಕಲಾಗದು. ಕಾಗದದಲ್ಲಷ್ಟೇ ಬದುಕಿರುವ, ಒಂದೇ ಮನೆಯವರ ಆಸ್ತಿಯಂತಾದ ಸಂಸ್ಥೆಗಳೂ ಇವೆ. ಆದರೆ ದೂರದ ಹಿಡಿತಕ್ಕಿಂತ ಹತ್ತಿರದ ಕಣ್ಣು ಹೆಚ್ಚು ಚುರುಕು. ವರ್ಷಕ್ಕೊಮ್ಮೆ ಜಮಾ-ಖರ್ಚನ್ನು ಗುಡಿಯ ಕಟ್ಟೆಯ ಮೇಲೆ ಎಲ್ಲರೆದುರು ಕನ್ನಡದಲ್ಲಿ ಓದಿಸಿದರೆ, ತನ್ನ ಊರಿನ ಬಾವಿಗೆ ಎಷ್ಟು ಸಿಮೆಂಟು ಬಿದ್ದಿದೆಯೆಂದು ಬಲ್ಲ ಜನರೇ ಉತ್ತಮ ಪರಿಶೋಧಕರಾಗುವರು.

ಕಿರಿಯ ಸಮುದಾಯವು ತಾನೇ ಮಾಡಬಲ್ಲ ಕೆಲಸವನ್ನು ಹಿರಿಯ ಸಂಸ್ಥೆ ಕಸಿದುಕೊಳ್ಳುವುದು ಅನ್ಯಾಯವೆಂದು ಪೋಪ್ ಹನ್ನೊಂದನೆಯ ಪಯಸ್ ಅವರು 1931ರ ವಿಶ್ವಪತ್ರದಲ್ಲಿ ಬೋಧಿಸಿದರು. ಈ ತತ್ತ್ವವನ್ನು ಸರ್ಕಾರಕ್ಕೆ ನೆನಪಿಸುವ ಮುನ್ನ ನಮ್ಮ ಧರ್ಮಕ್ಷೇತ್ರಗಳ ಸಮಾಜಸೇವಾ ಸಂಸ್ಥೆಗಳು ತಮಗೆ ತಾವೇ ಅನ್ವಯಿಸಿಕೊಳ್ಳಬೇಕು. ಹಳ್ಳಿಯ ಸಂಘಕ್ಕೆ ಹೊಣೆಯನ್ನು ಎಂದು ಒಪ್ಪಿಸುವೆವು ಎಂಬ ದಿನಾಂಕವಿಲ್ಲದ ಸೇವೆಯು, ಎಷ್ಟೇ ಪ್ರೀತಿಯಿಂದ ಕೂಡಿದ್ದರೂ, ಕ್ರಮೇಣ ಒಡೆತನವಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ದಾನಿಗಳು ಕಾರ್ಯಕ್ರಮದ ಜೊತೆಗೆ ಲೆಕ್ಕಿಗರ ಸಂಬಳಕ್ಕೂ ಕಚೇರಿಯ ಬಾಡಿಗೆಗೂ ಕೆಲವು ವರ್ಷ ನೆರವಾಗಲಿ. ಕಾನೂನಿನ ನಮೂನೆಗಳು, ಲೆಕ್ಕಪರಿಶೋಧನೆಯ ನಿಯಮಗಳು ಕನ್ನಡದಲ್ಲಿ ದೊರೆಯಲಿ. ಪದಾಧಿಕಾರಿಗಳು ಸರದಿಯಂತೆ ಬದಲಾಗಲಿ. ಎಲ್ಲಕ್ಕಿಂತ ಮಿಗಿಲಾಗಿ, ತೊಗರಿಯ ರಾಶಿಯಾದಾಗ ಸೇರು ಕಾಳನ್ನಾದರೂ ಊರಿನವರು ತಮ್ಮ ಸಂಘಕ್ಕೆ ಕೊಡಲಿ. ಸೇರು ತೊಗರಿಯ ಬೆಲೆ ಸ್ವಲ್ಪವೇ ಇರಬಹುದು. ಆದರೆ ಅದನ್ನು ಕೊಟ್ಟವನು ಮಹಾಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರಿಸಬಲ್ಲ ಸಂಸ್ಥೆಯೇ ಬಲಿಷ್ಠ ಸಂಸ್ಥೆ.